ದೊಡ್ಡ ಡೆಕ್ ಹಾಕಿದ ಟ್ರ್ಯಾಕ್ಟರಿಗೆ ಬ್ಯಾಟರಿ ಯಾವುದು?

ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆ ಡೆಕ್ ಇಲ್ಲದ ಟ್ರ್ಯಾಕ್ಟರ್ ಈಗ ಹುಡುಕಿದರೆ ಸಿಗಬೇಕು. ಮೊದಲು ಒಂದು ಸಣ್ಣ ಟೇಪು, ಮಡ್‌ಗಾರ್ಡ್ ಮೇಲೆ ಎರಡು ಸ್ಪೀಕರ್ ಇದ್ದರೆ ಅದೇ ದೊಡ್ಡದು. ಈಗ ಆಂಪ್ಲಿಫೈಯರ್, ವೂಫರ್, ಸೀಟಿನ ಹಿಂದೆ ಹಲಗೆ ಪೆಟ್ಟಿಗೆ, ಸುತ್ತ ಬಣ್ಣದ ಲೈಟು. ಬಿತ್ತನೆ ಆಲೂಗೆಡ್ಡೆ ತರಲು ಹಾಸನದ ಎ.ಪಿ.ಎಂ.ಸಿ.ಗೆ ಹೋದರೆ ಸಾಲಾಗಿ ನಿಂತ ಟ್ರ್ಯಾಕ್ಟರುಗಳಲ್ಲಿ ಒಂದೊಂದರದು ಒಂದೊಂದು ಹಾಡು.

ಹಾಡು ಬೇಡ ಅಂತ ನಾನು ಹೇಳೋದಿಲ್ಲ. ರಾತ್ರಿ ಹನ್ನೊಂದು ಗಂಟೆಯಲ್ಲಿ ಒಬ್ಬನೇ ಹೊಲ ಉಳುವ ಹುಡುಗನಿಗೆ ಹಾಡೇ ಜೊತೆ. ನಿದ್ದೆ ಬರೋದಿಲ್ಲ, ಬೇಜಾರೂ ಇಲ್ಲ. ಹಿಂದೆ ನಿಂತವರು ಕೂಗಿದ್ದು ಮತ್ತು ಇಂಜಿನ್ ಶಬ್ದ ಬದಲಾದದ್ದು ಕಿವಿಗೆ ಬೀಳುವಷ್ಟು ಇದ್ದರೆ ಸಾಕು.

ಆದರೆ ಡೆಕ್ ದೊಡ್ಡದಾದ ಮೇಲೆ ಬರುವ ತಕರಾರು ಎಲ್ಲ ಊರಲ್ಲೂ ಒಂದೇ. ಬೆಳಗ್ಗೆ ಸೆಲ್ಫ್ ಹೊಡೆದರೆ ‘ಟಕ್ ಟಕ್’ ಅನ್ನುತ್ತೆ, ಇಂಜಿನ್ ತಿರುಗೋದಿಲ್ಲ. ಅದೂ ಯಾವ ದಿನ? ಹಿಂದಿನ ರಾತ್ರಿ ಮಳೆ ಬಂದು ಹೊಲ ಹದವಾದ ದಿನ. ನಮ್ಮ ಕೆಂಪು ಮಣ್ಣಿನ ಬೆದ್ದಲಿಗೆ ಹದ ಅಂದರೆ ಎರಡು ಮೂರು ದಿನದ ಮಾತು. ಆ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರ್ ಕೇಳಿದರೂ ಸಿಗೋದಿಲ್ಲ, ಎಲ್ಲರ ಹೊಲವೂ ಒಟ್ಟಿಗೇ ಹದಕ್ಕೆ ಬಂದಿರುತ್ತೆ. ಆಲೂಗೆಡ್ಡೆ ಬೀಜ ಮೊಳಕೆ ಒಡೆದು ಮನೆಯಲ್ಲಿ ಕೂತಿರುತ್ತೆ. ಬ್ಯಾಟರಿ ಸೋತ ಟ್ರ್ಯಾಕ್ಟರ್ ಯಾವುದು ಅಂತ ಕೇಳಬೇಕಾಗಿಲ್ಲ, ಅದು ನಿಂತ ಜಾಗ ನೋಡಿದರೆ ಸಾಕು: ದಿಬ್ಬದ ಮೇಲೆ, ಮುಖ ಇಳಿಜಾರಿಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿರುತ್ತಾರೆ.

ಆಮೇಲೆ ಪೇಟೆಗೆ ಹೋಗಿ “ದೊಡ್ಡ ಬ್ಯಾಟರಿ ಕೊಡಿ” ಅಂತ ಕೇಳೋದು, ಅವರು ಕೊಡೋದು. ಎಂಟು ಹತ್ತು ತಿಂಗಳಿಗೆ ಅದೂ ಮಲಗುತ್ತೆ. ಯಾಕೆ ಹೀಗಾಗುತ್ತೆ, ಏನು ನೋಡಿ ಕೊಳ್ಳಬೇಕು ಅಂತ ಇಲ್ಲಿ ಬರೆಯುತ್ತೇನೆ.

ಹೊಂಡ ಮತ್ತು ಬೋರು

ಬ್ಯಾಟರಿ ಕರೆಂಟು ಹುಟ್ಟಿಸೋದಿಲ್ಲ, ಕೂಡಿಡುತ್ತೆ. ಹುಟ್ಟಿಸೋದು ಇಂಜಿನ್ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುವ ಆಲ್ಟರ್ನೇಟರ್. ನಮ್ಮಲ್ಲಿ ಈಗಲೂ ಎಲ್ಲ ಅದನ್ನು ಡೈನಮೋ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬ್ಯಾಟರಿ ಕೃಷಿ ಹೊಂಡ ಇದ್ದ ಹಾಗೆ, ಡೈನಮೋ ಬೋರು ಇದ್ದ ಹಾಗೆ. ಒಂದೂವರೆ ಇಂಚು ನೀರು ಬರುವ ಬೋರಿಗೆ ಎಷ್ಟು ದೊಡ್ಡ ಹೊಂಡ ತೋಡಿದರೂ ದಿನಕ್ಕೆ ಬರುವ ನೀರು ಅಷ್ಟೇ. ಹೊಂಡ ದೊಡ್ಡದಾದರೆ ಬರಿದಾಗಲು ಒಂದು ದಿನ ಜಾಸ್ತಿ ಹಿಡಿಯಬಹುದು, ತುಂಬಲೂ ಅಷ್ಟೇ ಜಾಸ್ತಿ ಹಿಡಿಯುತ್ತೆ. ಡೆಕ್ ತಿನ್ನುವ ಕರೆಂಟು ಡೈನಮೋ ಕೊಡುವುದಕ್ಕಿಂತ ಜಾಸ್ತಿ ಇದ್ದರೆ ಯಾವ ಕಂಪನಿಯ ಎಷ್ಟು ದೊಡ್ಡ ಬ್ಯಾಟರಿ ತಂದರೂ ಅದು ಸೋಲಲೇಬೇಕು.

ಲೆಕ್ಕ ಕಷ್ಟವಲ್ಲ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತೆ. ಡೈನಮೋ ಮೈಮೇಲೆ ಅದು ಎಷ್ಟು ಆಂಪಿಯರಿನದು ಅಂತ ಬರೆದಿರುತ್ತೆ. ನಮ್ಮ ಕಡೆ ಓಡಾಡುವ ಟ್ರ್ಯಾಕ್ಟರುಗಳಲ್ಲಿ 36 ಆಂಪಿಯರಿನ ಆಸುಪಾಸು ಸಾಮಾನ್ಯ. ಅದು ಇಂಜಿನ್ ಜೋರಾಗಿ ತಿರುಗುವಾಗಿನ ಲೆಕ್ಕ. ಸ್ಲೋನಲ್ಲಿ ನಿಂತಾಗ ಅದರ ಅರ್ಧ, ಇನ್ನೂ ಕಮ್ಮಿ ಸಿಗಬಹುದು. ಹೆಡ್‌ಲೈಟ್ ಎರಡೂ ಉರಿದರೆ 55 ವ್ಯಾಟಿನಂತೆ 110 ವ್ಯಾಟು, ಅಂದರೆ 9 ಆಂಪಿಯರ್. ಹಿಂದಿನ ಲೈಟು, ಮೀಟರಿನ ಲೈಟು ಎಲ್ಲ ಸೇರಿ 12 ಅಂತ ಇಟ್ಟುಕೊಳ್ಳಿ. 36ರಲ್ಲಿ 12 ಹೋದರೆ 24 ಉಳಿಯಿತು. ಬ್ಯಾಟರಿ ತುಂಬೋದೂ, ಡೆಕ್ ಹಾಡೋದೂ ಇದರಲ್ಲೇ ಆಗಬೇಕು.

ಡೆಕ್ ಎಷ್ಟು ತಿನ್ನುತ್ತೆ ಅನ್ನೋದಕ್ಕೆ ಡಬ್ಬದ ಮೇಲಿನ 1000 ವ್ಯಾಟು, 2000 ವ್ಯಾಟು ಅನ್ನೋ ದಪ್ಪ ಅಕ್ಷರ ನಂಬಬೇಡಿ. ಅದರಲ್ಲಿ ಪಿ.ಎಂ.ಪಿ.ಓ. ಅಂತ ಸಣ್ಣದಾಗಿ ಇದ್ದರೆ ಅದು ವ್ಯಾಪಾರದ ಲೆಕ್ಕ. ಆರ್.ಎಂ.ಎಸ್. ಅಂತ ಬರೆದದ್ದು ನಿಜಕ್ಕೆ ಹತ್ತಿರ. ಅದಕ್ಕಿಂತ ಸುಲಭ ದಾರಿ ಆಂಪ್ಲಿಫೈಯರಿನ ಹಿಂದೆ ಇರುವ ಫ್ಯೂಸು ನೋಡೋದು. 30 ಆಂಪಿಯರ್ ಫ್ಯೂಸ್ ಇದ್ದರೆ 12 ಇಂಟು 30, ಅಂದರೆ 360 ವ್ಯಾಟು. ಅದರ ಮೇಲೆ ತಿಂದರೆ ಫ್ಯೂಸ್ ಉಳಿಯೋದಿಲ್ಲ. ತಿಂದದ್ದರಲ್ಲೂ ಎಷ್ಟೋ ಪಾಲು ಬಿಸಿಯಾಗಿ ಹೋಗುತ್ತೆ, ಹಳೇ ತರದ ಆಂಪ್ಲಿಫೈಯರಿನಲ್ಲಿ ಹತ್ತಿರ ಹತ್ತಿರ ಅರ್ಧ. ಡಿ ಕ್ಲಾಸ್ ಅಂತ ಬರುವ ಹೊಸದರಲ್ಲಿ ಇಷ್ಟು ಪೋಲು ಇಲ್ಲ. ಡೆಕ್ ಬದಲಾಯಿಸೋ ಯೋಚನೆ ಇದ್ದರೆ ಇದನ್ನು ಮೊದಲು ಕೇಳಿ, ಬ್ಯಾಟರಿ ಆಮೇಲೆ.

ಫ್ಯೂಸು 30ರದ್ದು ಅಂದರೆ ಯಾವಾಗಲೂ 30 ಎಳೆಯುತ್ತೆ ಅಂತಲ್ಲ. ಹಾಡು ಏರುತ್ತೆ, ಇಳಿಯುತ್ತೆ. ಹದವಾಗಿ ಇಟ್ಟು ಕೇಳಿದರೆ 5ರಿಂದ 10 ಆಂಪಿಯರ್. ಬಾಸ್ ಏರಿಸಿ ಪೂರ್ತಿ ತಿರುಗಿಸಿದರೆ 20 ದಾಟುತ್ತೆ.

ಈಗ ಹೊಲ ಉಳುವಾಗಿನ ಲೆಕ್ಕ ನೋಡಿ. ಇಂಜಿನ್ ಜೋರಾಗಿದೆ, 24 ಆಂಪಿಯರ್ ಉಳಿದಿದೆ, ಡೆಕ್ಕಿಗೆ 10 ಕೊಟ್ಟರೂ ಬ್ಯಾಟರಿ ತುಂಬುತ್ತಲೇ ಇರುತ್ತೆ. ತೊಂದರೆಯೇ ಇಲ್ಲ. ಗಣಪತಿ ಮೆರವಣಿಗೆ ಲೆಕ್ಕ ನೋಡಿ. ಟ್ರ್ಯಾಕ್ಟರ್ ಜನ ನಡೆಯುವ ವೇಗದಲ್ಲಿ ಹೋಗಬೇಕು, ಇಂಜಿನ್ ಸ್ಲೋನಲ್ಲಿ, ಡೈನಮೋ 15 ಕೊಟ್ಟರೆ ಪುಣ್ಯ. ಹೆಡ್‌ಲೈಟು 12 ತಿಂದಿತು. ಅದರ ಮೇಲೆ ಸೀರಿಯಲ್ ಸೆಟ್ಟು, ಡೆಕ್ ಫುಲ್ ಸೌಂಡು. ಗಂಟೆಗೆ 20 ಆಂಪಿಯರಿನಂತೆ ಬ್ಯಾಟರಿಯಿಂದಲೇ ಹೋಗುತ್ತಿರುತ್ತೆ. ಮೂರು ಗಂಟೆಯ ಮೆರವಣಿಗೆ ಮುಗಿಸಿ ಇಂಜಿನ್ ಆಫ್ ಮಾಡಿದರೆ ಅದು ಮತ್ತೆ ಏಳೋದಿಲ್ಲ. ಅಂಥ ಕೆಲಸಕ್ಕೆ ಜನರೇಟರ್ ಬಾಡಿಗೆಗೆ ತನ್ನಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮವೂ ಇದೆ.

ಎಲ್ಲಕ್ಕಿಂತ ಕೆಟ್ಟದ್ದು ಇಂಜಿನ್ ಆಫ್ ಮಾಡಿ ಹಾಡು ಹಾಕೋದು. ಕಣದಲ್ಲಿ ರಾಗಿ ತೂರುವಾಗ, ಹೊಗೆಸೊಪ್ಪಿನ ಬೇಲು ತುಂಬಿಕೊಂಡು ರಾಮನಾಥಪುರದ ಮಾರುಕಟ್ಟೆಯಲ್ಲಿ ಸರದಿಗೆ ಕಾಯುವಾಗ, ಆಲೂಗೆಡ್ಡೆ ಇಳಿಸುವಾಗ ಇದೇ ನಡೆಯೋದು. ಆಗ ಬೋರು ಬಂದ್, ಹೊಂಡದ ನೀರು ಮಾತ್ರ.

ಎ.ಎಚ್. ಅಂದರೆ ಏನು

ಬ್ಯಾಟರಿ ಮೇಲೆ 88 ಎ.ಎಚ್. ಅಂತ ಇದ್ದರೆ 4.4 ಆಂಪಿಯರಿನಂತೆ 20 ಗಂಟೆ ಕೊಡುತ್ತೆ ಅಂತ ಅರ್ಥ. ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು. 20 ಆಂಪಿಯರಿನಂತೆ ಎಳೆದರೆ 88 ಪೂರ್ತಿ ಸಿಗೋದಿಲ್ಲ, ಗಡಿಬಿಡಿಯಲ್ಲಿ ಹಾಲು ಕರೆದ ಹಾಗೆ.

ಪೂರ್ತಿ ತೆಗೆಯಲೂಬಾರದು. ಟ್ರ್ಯಾಕ್ಟರು, ಕಾರಿನ ಬ್ಯಾಟರಿ ಮಾಡಿರೋದೇ ಸೆಲ್ಫಿಗೆ. ಸೆಲ್ಫ್ ಮೋಟರ್ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಎಳೆಯುತ್ತೆ. ಅಷ್ಟನ್ನು ಒಂದೇ ಸಲ ಕೊಡಲು ಒಳಗೆ ತೆಳುವಾದ ಸೀಸದ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಕೊಟ್ಟದ್ದನ್ನು ಡೈನಮೋ ಕೂಡಲೇ ತುಂಬಿಸುತ್ತೆ, ಹಾಗಾಗಿ ಬ್ಯಾಟರಿ ಯಾವಾಗಲೂ ತುಂಬಿಯೇ ಇರಬೇಕು ಅನ್ನೋದು ಲೆಕ್ಕಾಚಾರ. ಅದನ್ನೇ ಗಂಟೆಗಟ್ಟಲೆ ಹಾಡಿಗೆ ಬಸಿದರೆ ಪ್ಲೇಟಿನ ಮೇಲಿನ ಮದ್ದು ಉದುರಿ ತಳ ಸೇರುತ್ತೆ. ಬಸಿದು ಹಾಗೇ ನಾಲ್ಕು ದಿನ ಬಿಟ್ಟರೆ ಪ್ಲೇಟಿಗೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಚಾರ್ಜಿಗೆ ಹಾಕಿದರೂ ಹಿಡಿಯೋದಿಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಈ ಸೀಸ-ಆಸಿಡ್ ಬ್ಯಾಟರಿ ಮಾಡಿದ. ಇಷ್ಟು ವರ್ಷವಾದರೂ ಆ ಗುಣ ಹೋಗಿಲ್ಲ.

ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಸಿಯಬಾರದು ಅಂತ ಇಟ್ಟುಕೊಳ್ಳಿ. 88ರಲ್ಲಿ ಸುಮಾರು 30. ಹದವಾಗಿ 10 ಆಂಪಿಯರಿನಲ್ಲಿ ಹಾಡಿದರೆ ಎರಡೂವರೆ ಗಂಟೆ, ಜೋರಾಗಿ 20ರಲ್ಲಿ ಹಾಡಿದರೆ ಒಂದು ಗಂಟೆ ಹೆಚ್ಚುಕಮ್ಮಿ. ಆ 30 ಮತ್ತೆ ತುಂಬಬೇಕಾದರೆ ಎರಡು ಮೂರು ಗಂಟೆ ಇಂಜಿನ್ ಜೋರಾಗಿ ಓಡಬೇಕು, ತುಂಬುತ್ತಾ ಬಂದ ಹಾಗೆ ಬ್ಯಾಟರಿ ಕುಡಿಯೋದೂ ನಿಧಾನವಾಗುತ್ತೆ. ಹೊಲದಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸಿದ್ದು ಸಾಕಾಗೋದಿಲ್ಲ.

ಕೊಳ್ಳುವ ಮೊದಲು

ಹಣ ಕೊಡುವ ಮೊದಲು ಬ್ಯಾಟರಿಯೇ ಹೋಗಿದೆಯಾ ಅಂತ ನೋಡಿ. ಎಷ್ಟೋ ಸಲ ಹೋಗಿರೋದು ಟರ್ಮಿನಲ್. ಬಿಳಿ ಹಸಿರು ಬೂಷ್ಟು ಹಿಡಿದು ಕರೆಂಟು ದಾಟೋದಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಮುಚ್ಚಳದ ಒಳಗೆ ಹೋಗದ ಹಾಗೆ ತೊಳೆದು, ಒರೆಸಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಡೈನಮೋ ಬೆಲ್ಟ್ ಸಡಿಲ ಇದೆಯಾ ಒತ್ತಿ ನೋಡಿ. ಸೆಲ್ಲುಗಳಲ್ಲಿ ಪ್ಲೇಟು ಮುಳುಗುವಷ್ಟು ನೀರು ಇದೆಯಾ ನೋಡಿ, ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರಿನಲ್ಲಿ ಉಪ್ಪಿನಂಶ ಇರುತ್ತೆ, ಅದು ವಿಷ. ಆಸಿಡ್ಡನ್ನಂತೂ ಹಾಕಲೇಬೇಡಿ.

ಒಂದು ಸಾದಾ ಮಲ್ಟಿಮೀಟರ್ ಮನೆಯಲ್ಲಿ ಇದ್ದರೆ ಬಹಳ ಅನುಕೂಲ. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಬರಿದು. ಸ್ಟಾರ್ಟ್ ಮಾಡಿ ಇಂಜಿನ್ ಸ್ವಲ್ಪ ಏರಿಸಿದಾಗ 13.8ರಿಂದ 14.4 ತೋರಿಸಬೇಕು. 13 ದಾಟದಿದ್ದರೆ ತಪ್ಪು ಡೈನಮೋದು, ರೆಗ್ಯುಲೇಟರಿನದು ಅಥವಾ ಅಲ್ಲಿಂದ ಬರುವ ತಂತಿಯದು. ಹೊಸ ಬ್ಯಾಟರಿ ತಂದರೂ ಅದೇ ಗತಿ. ಡೆಕ್ ಜೋರು ಮಾಡಿ, ಲೈಟು ಹಾಕಿ ಮತ್ತೆ ನೋಡಿ. ಇಂಜಿನ್ ಓಡುತ್ತಿದ್ದರೂ 12.6ಕ್ಕೆ ಇಳಿದರೆ ನಿಮ್ಮ ಡೆಕ್ ಡೈನಮೋಕ್ಕೆ ಮೀರಿದ್ದು ಅಂತ ತಿಳಿಯಿರಿ.

ಕಳ್ಳ ಖರ್ಚೂ ಇರುತ್ತೆ. ಡೆಕ್ ಆಫ್ ಮಾಡಿದರೂ ಆಂಪ್ಲಿಫೈಯರ್ ಉರಿಯುತ್ತಲೇ ಇರುವ ಹಾಗೆ ವೈರಿಂಗ್ ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅದರ ಸಣ್ಣ ರಿಮೋಟ್ ತಂತಿಯನ್ನು ಡೆಕ್ಕಿಗೆ ಕೊಡುವ ಬದಲು ಸೀದಾ ಬ್ಯಾಟರಿಗೆ ಕೊಟ್ಟಿರುತ್ತಾರೆ. ಎಲ್ಲ ಆಫ್ ಆದ ಮೇಲೂ 50 ಮಿಲಿ ಆಂಪಿಯರ್ ಹೋಗುತ್ತಿದ್ದರೆ ತಿಂಗಳಿಗೆ 36 ಎ.ಎಚ್. ಆಯಿತು. ಕಾರು ದಿನಾ ಓಡುತ್ತೆ, ತುಂಬಿಕೊಳ್ಳುತ್ತೆ. ನಮ್ಮ ಟ್ರ್ಯಾಕ್ಟರ್ ಬಿತ್ತನೆ ಮುಗಿದ ಮೇಲೆ ವಾರಗಟ್ಟಲೆ ಕೊಟ್ಟಿಗೆಯ ಪಕ್ಕ ನಿಲ್ಲುತ್ತೆ. ಬ್ಯಾಟರಿ ನೆಗೆಟಿವ್‌ಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿದರೆ ಇದೊಂದು ಚಿಂತೆ ತಪ್ಪುತ್ತೆ.

ಯಾವುದನ್ನು ಕೊಳ್ಳೋದು

ಇಷ್ಟೆಲ್ಲ ಸರಿ ಇದ್ದು ಬ್ಯಾಟರಿಯೇ ಹಳತಾಗಿದ್ದರೆ ಹೊಸದು ಬೇಕು. ಇಂಜಿನ್ ಓಡುವಾಗ ಮಾತ್ರ ಹಾಡು ಹಾಕುವವರು ಕಂಪನಿ ಹೇಳಿದ ಎ.ಎಚ್. ತಂದರೆ ಸಾಕು. 75 ಇದ್ದ ಕಡೆ 88, 88 ಇದ್ದ ಕಡೆ 100 ಹೀಗೆ ಒಂದು ಮೆಟ್ಟಿಲು ಮೇಲಿನದು ಹಾಕಬಹುದು, ತಟ್ಟೆಗೆ ಕೂತರೆ ಮಾತ್ರ. ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. ಪಾಸಿಟಿವ್ ಎಡಕ್ಕಿದೆಯಾ ಬಲಕ್ಕಿದೆಯಾ ಬರೆದುಕೊಳ್ಳಿ, ತಂತಿ ಎಳೆದಾಡಿ ಕಟ್ಟಿದ್ದು ಉಳುಮೆಯ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತೆ. ಎತ್ತರ ಜಾಸ್ತಿಯಾಗಿ ಟರ್ಮಿನಲ್ ಬಾನೆಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತೆ. ಕೆಳಗೆ ಬಿಗಿಯುವ ಕ್ಲಾಂಪು ಇಲ್ಲದೆ ಹಗ್ಗದಲ್ಲಿ ಕಟ್ಟಿದ ಬ್ಯಾಟರಿ ಬಾಳೋದಿಲ್ಲ. ನಮ್ಮ ಗಾಡಿಗಳಲ್ಲಿ ಹಾಡಿಗಿಂತ ಕುಲುಕಾಟವೇ ಬ್ಯಾಟರಿಯನ್ನು ಜಾಸ್ತಿ ಕೊಲ್ಲೋದು.

ಮನೆಯ ಇನ್ವರ್ಟರಿನ 150 ಎ.ಎಚ್. ಟ್ಯೂಬುಲರ್ ಬ್ಯಾಟರಿ ತಂದು ಟ್ರ್ಯಾಕ್ಟರಿಗೆ ಕಟ್ಟುವವರಿದ್ದಾರೆ. ಅದು ಗಂಟೆಗಟ್ಟಲೆ ನಿಧಾನ ಕೊಡಲು ಮಾಡಿದ್ದು ನಿಜ. ಆದರೆ 50 ಕೆ.ಜಿ. ಮೇಲೆ ತೂಕ, ಮೊಣಕಾಲೆತ್ತರ, ಸೆಲ್ಫಿಗೆ ಒಂದೇ ಏಟಿಗೆ ಕೊಡುವ ಶಕ್ತಿ ಅದರ ಗಾತ್ರಕ್ಕೆ ತಕ್ಕಷ್ಟಿಲ್ಲ, ಮನೆಯ ಮೂಲೆಯಲ್ಲಿ ಅಲುಗದೆ ಕೂರಲು ಮಾಡಿದ್ದು. ಹೆಂಟೆ ಒಡೆಯುವ ಹೊಲಕ್ಕೆ ಅದನ್ನು ತರಬೇಡಿ.

ಮುಚ್ಚಳ ಇಲ್ಲದ, ನೀರು ಹಾಕುವ ಹಾಗಿಲ್ಲದ ಬ್ಯಾಟರಿ ಕಾರಿಗೆ ಚೆನ್ನ. ಹಳೇ ಟ್ರ್ಯಾಕ್ಟರಿಗೆ, ಅದರಲ್ಲೂ ಡೆಕ್ ಇದ್ದದ್ದಕ್ಕೆ, ಮುಚ್ಚಳ ತೆಗೆದು ನೋಡುವಂಥದ್ದೇ ನನಗೆ ಸರಿ ಅನ್ನಿಸುತ್ತೆ. ರೆಗ್ಯುಲೇಟರ್ ಜಾಸ್ತಿ ಚಾರ್ಜ್ ಮಾಡಿ ನೀರು ಆರಿದರೆ ಮತ್ತೆ ತುಂಬಬಹುದು. ಹೈಡ್ರೋಮೀಟರ್ ಅದ್ದಿ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಬಹುದು. 1250ರ ಮೇಲೆ ಇದ್ದರೆ ಒಳ್ಳೇದು, 1200 ಅರ್ಧ, ಐದು ಸೆಲ್ ಚೆನ್ನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸೆಲ್ ಹೋಯಿತು ಅಂತ ಅರ್ಥ.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ ನೋಡಿ. ಆರು ತಿಂಗಳ ಮೇಲೆ ಕಪಾಟಿನಲ್ಲಿ ಕೂತದ್ದು ತಾನಾಗೇ ಇಳಿದಿರುತ್ತೆ, ಬೇಡ ಅನ್ನಿ. ಮೀಟರ್ ಇಟ್ಟು 12.5ರ ಮೇಲೆ ಇದೆಯಾ ನೋಡಿ ತನ್ನಿ. ವಾರಂಟಿ ‘36 ತಿಂಗಳು’ ಅಂದರೆ ಅದರಲ್ಲಿ ಪುಕ್ಕಟೆ ಬದಲಿ ಎಷ್ಟು ತಿಂಗಳು, ಆಮೇಲೆ ರಿಯಾಯಿತಿ ಎಷ್ಟು ತಿಂಗಳು ಅಂತ ಬಿಡಿಸಿ ಕೇಳಿ. ಕಾರಿಗೆ ಒಂದು, ಟ್ರ್ಯಾಕ್ಟರಿಗೆ ಒಂದು ವಾರಂಟಿ ಇರಬಹುದು. ಕಾರ್ಡಿನಲ್ಲಿ ಗಾಡಿ ನಂಬರು, ತಾರೀಖು, ಸೀಲು ಅಲ್ಲೇ ಹಾಕಿಸಿ. ತೀರಾ ಬರಿದು ಮಾಡಿ ಕೆಡಿಸಿದ್ದಕ್ಕೆ ಬದಲಿ ಕೊಡೋದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ, ಡೆಕ್ ಇರುವವರು ಅದನ್ನು ಓದಿಕೊಳ್ಳಬೇಕು.

ಕಾರು, ಓಮ್ನಿ ಇರುವವರಿಗೂ ಇದೇ ಲೆಕ್ಕ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಎ.ಎಚ್. ಸುತ್ತ ಇರುತ್ತೆ, ಮೂರರಲ್ಲಿ ಒಂದು ಪಾಲು ಅಂದರೆ 12 ಕೂಡ ಇಲ್ಲ. ಇಂಜಿನ್ ಆಫ್ ಮಾಡಿ ಜೋರಾಗಿ ಹಾಡಲು ಅದು ಅರ್ಧ ಗಂಟೆಗೂ ಆಗೋದಿಲ್ಲ. ಸಿಗ್ನಲಿನಲ್ಲಿ ತಾನಾಗೇ ಆಫ್ ಆಗಿ ಆನ್ ಆಗುವ ಹೊಸ ಕಾರಾದರೆ ಕಂಪನಿ ಹೇಳಿದ ಜಾತಿಯ ಬ್ಯಾಟರಿಯನ್ನೇ ಹಾಕಬೇಕು.

ಹಾಡಿಗೆ ಬೇರೆ ಬ್ಯಾಟರಿ

ಇಂಜಿನ್ ನಿಲ್ಲಿಸಿ ಹಾಡು ಬೇಕೇ ಬೇಕು ಅನ್ನುವ ಮನೆಗಳಿಗೆ ಒಂದೇ ದಾರಿ, ಹಾಡಿಗೆ ಎರಡನೇ ಬ್ಯಾಟರಿ. ಮನೆಗೆ ಕುಡಿಯುವ ನೀರಿನ ತೊಟ್ಟಿ ಬೇರೆ, ದನದ ತೊಟ್ಟಿ ಬೇರೆ ಇಟ್ಟ ಹಾಗೆ. ಸೆಲ್ಫಿನ ಬ್ಯಾಟರಿಗೆ ಡೆಕ್ಕಿನ ಒಂದು ತಂತಿಯೂ ಬರಬಾರದು. ಎರಡರ ನಡುವೆ ಒಂದು ರಿಲೇ ಇರಬೇಕು. ಇಂಜಿನ್ ಓಡಿ ವೋಲ್ಟೇಜು ಏರಿದಾಗ ಎರಡನ್ನೂ ಸೇರಿಸಿ ಚಾರ್ಜ್ ಮಾಡುತ್ತೆ, ಇಂಜಿನ್ ನಿಂತರೆ ಬೇರೆ ಮಾಡುತ್ತೆ. ಹಾಡಿ ಹಾಡಿ ಎರಡನೆಯದು ಬರಿದಾದರೂ ಬೆಳಗ್ಗೆ ಸೆಲ್ಫ್ ಹೊಡೆಯುತ್ತೆ. ರಿಲೇ ಇಲ್ಲದೆ ಹಳೇದು ಹೊಸದು ಎರಡನ್ನು ಸುಮ್ಮನೆ ಜೋಡಿಸಿದರೆ ಹಳೇದು ಹೊಸದನ್ನು ತಿಂದುಹಾಕುತ್ತೆ.

ಈ ಎರಡನೆಯದಕ್ಕೆ ಇ-ರಿಕ್ಷಾ ಬ್ಯಾಟರಿ ಹೊಂದುತ್ತೆ ಅಂತ ನನ್ನ ಅಭಿಪ್ರಾಯ. ಅದು ದಿನಾ ಆಳಕ್ಕೆ ಬಸಿದು ತುಂಬಲು ಮಾಡಿದ್ದು, ರಸ್ತೆಯ ಕುಲುಕಾಟವನ್ನೂ ಲೆಕ್ಕಕ್ಕೆ ಇಟ್ಟು ಮಾಡಿದ್ದು. ಆದರೆ ಅದರಿಂದ ಸೆಲ್ಫ್ ಹೊಡೆಯಲು ಹೋಗಬೇಡಿ. ತುಂಬಿಸೋದು ಅದೇ ಒಂದು ಡೈನಮೋ ಅನ್ನೋದೂ ನೆನಪಿರಲಿ. ಟ್ರ್ಯಾಕ್ಟರಿಗೆ ಕೆಲಸ ಇಲ್ಲದ ವಾರದಲ್ಲಿ ಮನೆಯ ಕರೆಂಟಿನ ಚಾರ್ಜರಿಗೆ ಹಾಕಬೇಕಾಗುತ್ತೆ. ಬಾಸ್ ಚೆನ್ನಾಗಿ ಬರಲಿ ಅಂತ ಕೆಪಾಸಿಟರ್ ಒಂದನ್ನು ಮಾರುತ್ತಾರೆ, ಅದರಿಂದ ಬ್ಯಾಟರಿ ಬಾಳಿಕೆಗೆ ಮೂರು ಕಾಸಿನ ಉಪಯೋಗವಿಲ್ಲ.

ತಂತಿಯಲ್ಲಿ ಜಿಪುಣತನ ಬೇಡ. 30 ಆಂಪಿಯರಿನ ಆಂಪ್ಲಿಫೈಯರಿಗೆ 10 ಎಂ.ಎಂ. ತಾಮ್ರದ ತಂತಿ ಎಳೆಸಿ. ಬ್ಯಾಟರಿ ಪಾಸಿಟಿವ್‌ನಿಂದ ಗೇಣುದ್ದದ ಒಳಗೇ ಫ್ಯೂಸು ಇರಬೇಕು, ಎರಡು ಬ್ಯಾಟರಿ ಇದ್ದರೆ ಎರಡರ ಹತ್ತಿರವೂ. ಆಂಪ್ಲಿಫೈಯರಿನ ಫ್ಯೂಸು ಅದರೊಳಗಿನದನ್ನು ಕಾಯುತ್ತೆ, ನಡುವಿನ ತಂತಿಯನ್ನು ಕಾಯೋದಿಲ್ಲ. ತಂತಿ ಎಲ್ಲಾದರೂ ಚಾಸಿಗೆ ಉಜ್ಜಿ ಸಿಪ್ಪೆ ಹೋದರೆ ಕೆಂಪಗೆ ಕಾಯುತ್ತೆ. ಹಿಂದಿನ ಟ್ರೈಲರಿನಲ್ಲಿ ರಾಗಿ ಹುಲ್ಲು ತುಂಬಿಕೊಂಡು ಬರುವವರು ನಾವು. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಕಾಗದ ಸುತ್ತುವ ಅಭ್ಯಾಸ ಇರುವ ಹುಡುಗರಿಗೆ ಇದನ್ನು ಕೂರಿಸಿ ಹೇಳಿ.

ಬದಲಾಯಿಸುವಾಗ ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಕೂರಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತೆ, ಹತ್ತಿರ ಬೀಡಿ ಬೇಡ. ಆಸಿಡ್ ಕೈಗೆ ಕಣ್ಣಿಗೆ ಸಿಡಿದರೆ ಕೂಡಲೇ ಬೇಕಾದಷ್ಟು ನೀರು ಹಾಕಿ ತೊಳೆಯಬೇಕು, ಕಣ್ಣಾದರೆ ಆಮೇಲೆ ಆಸ್ಪತ್ರೆಗೂ ಹೋಗಬೇಕು.

ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಬೇಡಿ, ಮನೆ ಹಿಂದೆ ಒಡೆದು ಸೀಸ ತೆಗೆಯಲೂ ಹೋಗಬೇಡಿ. ಸೀಸ ಮಕ್ಕಳ ಮೈಗೆ ಸೇರಿದರೆ ಬುದ್ಧಿಗೆ ತೊಂದರೆ, ಆ ಆಸಿಡ್ ಬಿದ್ದ ಮಣ್ಣಿನಲ್ಲಿ ಗರಿಕೆಯೂ ಬರೋದಿಲ್ಲ. ಹಳೇದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ 2001ರಿಂದಲೇ ನಿಯಮ ಇತ್ತು, 2022ರ ಆಗಸ್ಟಿನಲ್ಲಿ ಬಂದ ಹೊಸ ನಿಯಮದಲ್ಲಿ ಆ ಹೊಣೆ ತಯಾರಕರ ಮೇಲೆ ಬಿದ್ದಿದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಡಿ. ಹಳೇದಕ್ಕೆ ಎ.ಎಚ್. ಮೇಲೆ, ತೂಕದ ಮೇಲೆ ಬೆಲೆ ಕಟ್ಟುತ್ತಾರೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಎರಡು ಮೂರು ಕಡೆ ಕೇಳಿದರೆ ಆ ಬೆಲೆಯಲ್ಲೇ ವ್ಯತ್ಯಾಸ ಕಾಣುತ್ತೆ. ಹೊಸದರ ದರ ಮಾತಾಡಿ ಮುಗಿಸಿದ ಮೇಲೆ ಹಳೇದನ್ನು ಗಾಡಿಯಿಂದ ಇಳಿಸಿ.